ಹತ್ತಿದ್ದಾಯಿತು

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದವರೆಲ್ಲ ನಯಾಗರಾ ನೋಡಿ ಬರುತ್ತಾರೆ. ನಾನು ಅಳಿಯನ ಆರ್‌ವಿಯ ನೆತ್ತಿ ನೋಡಿ ಬಂದೆ.

ಆರ್‌ವಿ ಎಂದರೆ ಒಲೆ, ಮಂಚ, ಕಕ್ಕಸು ಎಲ್ಲ ಇರುವ, ಚಕ್ರ ಕಟ್ಟಿದ ಮನೆ. ಮನೆ ಅಂದಮೇಲೆ ಸೋರಬೇಡವೇ? ಮೇಲಿನ ಏಸಿ, ಗಾಳಿಕಿಂಡಿಗಳ ಸುತ್ತ ಬಳಿದ ಅಂಟು ಬಿಸಿಲಿಗೆ ಬಿರಿದರೆ ಮಳೆನೀರು ನೇರ ಹಾಸಿಗೆಗೆ. ಹಾಗಾಗಿ ಆಗಾಗ ಹತ್ತಿ ನೋಡುತ್ತಿರಬೇಕು.

"ಮಾವ, ನೀವು ಏಣಿ ಹಿಡ್ಕೊಂಡ್ರೆ ಸಾಕು" ಎಂದ ಅಳಿಯ. ಮಲೆನಾಡಿನವನಿಗೆ ಹೀಗೆ ಹೇಳಬಹುದೇ! ನಮ್ಮೂರಿನ ಖಾಸಗಿ ಬಸ್ಸಿನ ಕ್ಲೀನರು ಓಡುವ ಬಸ್ಸಿನ ಹಿಂದಿನ ಏಣಿ ಹತ್ತಿ, ಟಾಪಿನ ಮೇಲಿನ ಬಾಳೆಗೊನೆ, ಅಕ್ಕಿಮೂಟೆ ಸರಿಪಡಿಸಿ, ಮುಂದಿನ ಸ್ಟಾಪು ಬರುವಷ್ಟರಲ್ಲಿ ಬಾಗಿಲಲ್ಲಿ ನಿಂತಿರುತ್ತಿದ್ದ. ಅವನನ್ನು ನೋಡಿ ಬೆಳೆದವನು ನಾನು. (ನೋಡಿದ್ದು ಮಾತ್ರ. ಅಳಿಯನಿಗೆ ಅಷ್ಟು ವಿವರ ಬೇಕಿರಲಿಲ್ಲ.)

ಆರ್‌ವಿಯ ಬೆನ್ನಿಗೂ ಒಂದು ಏಣಿಯಿತ್ತು. ಇಂಥವು ಸಾಮಾನ್ಯವಾಗಿ 250 ಪೌಂಡ್, ಅಂದರೆ ಸುಮಾರು 113 ಕಿಲೊ ತಡೆಯುತ್ತವೆ. ನನ್ನ ಹೊಟ್ಟೆ ಸೇರಿಸಿದರೂ ಅಷ್ಟಿಲ್ಲ. ಆದರೆ ಸ್ಕ್ರೂ ಕೂತಿರುವುದು ತೆಳ್ಳನೆಯ ಗೋಡೆಯಲ್ಲಿ. ಅಳಿಯ ಏಣಿ ಅಲ್ಲಾಡಿಸಿದ, ಆಮೇಲೆ ತಲೆ ಅಲ್ಲಾಡಿಸಿದ.

ಬೇರೆ ಏಣಿ ಬಂತು. ನಾಲ್ಕು ಅಡಿ ಎತ್ತರಕ್ಕೆ ಒಂದಡಿಯಂತೆ ಬುಡ ಆಚೆಗಿರಬೇಕು. ಗಾಡಿ 12 ಅಡಿ, ಆದ್ದರಿಂದ 3 ಅಡಿ ಎಂದು ಟೇಪು ಹಿಡಿದು ಅಳೆದ. ತುದಿಯೂ ಸೂರಿನಿಂದ 3 ಅಡಿ ಮೇಲಕ್ಕೆ ಚಾಚಿರಬೇಕಂತೆ. ದಂಡದ ಉದ್ದ ಅಂದುಕೊಂಡೆ. ಎರಡು ಕೈ, ಎರಡು ಕಾಲುಗಳಲ್ಲಿ ಮೂರಾದರೂ ಸದಾ ಏಣಿಯ ಮೇಲಿರಬೇಕು. ಹಾಗಾದರೆ ಅಂಟಿನ ಟ್ಯೂಬು? ಅದನ್ನು ಬಕೆಟ್ಟಿಗೆ ಹಾಕಿ, ಮೇಲೆ ಹೋದಮೇಲೆ ಹಗ್ಗದಿಂದ ಎಳೆದುಕೊಳ್ಳುವುದು. ಬಾವಿ ಸೇದಿದ ಕೈಗೆ ಇದನ್ನು ಕಲಿಸಬೇಕಾಗಲಿಲ್ಲ.

ಇಬ್ಬನಿ ಆರಿದ ಮೇಲೆ ಹತ್ತಿದೆ. ಬಿರುಕುಗಳಿಗೆ ಅಂಟು ಮೆತ್ತಿದೆ. ಅಕ್ಕಪಕ್ಕದ ಹಿತ್ತಿಲುಗಳನ್ನೂ ನೋಡಿದೆ. ಆಮೇಲೆ ಇಳಿಯಲು ಅಂಚಿಗೆ ಬಂದೆ.

ಹತ್ತುವಾಗ ಕಣ್ಣೆದುರಿದ್ದ ಮೆಟ್ಟಿಲು ಇಳಿಯುವಾಗ ಬೆನ್ನ ಹಿಂದೆ, ಸೂರಿನ ಕೆಳಗೆ ಎಲ್ಲೋ ಇರುತ್ತದೆ. ಅದನ್ನು ಕಾಲಿನ ಹೆಬ್ಬೆರಳೇ ಹುಡುಕಬೇಕು. ನನ್ನ ಹೆಬ್ಬೆರಳು ಗಾಳಿಯಲ್ಲಿ ರಂಗೋಲಿ ಹಾಕಿ ವಾಪಸು ಬಂತು. ಆ ದಂಡದ 3 ಅಡಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತೆ.

"ಇಳೀರಿ, ಕಾಫಿ ಆರ್ತಿದೆ" ಎಂದಳು ಹೆಂಡತಿ, ಕೆಳಗಿನಿಂದ.

"ಇಲ್ಲಿ ಗಾಳಿ ಚೆನ್ನಾಗಿದೆ ಕಣೇ. ಬಕೆಟ್ಟಲ್ಲಿಟ್ಟು ಕಳಿಸು."