ಟಕ್ಕೋ, ಟಕಟಕವೋ?

ನಿಮ್ಮ ಬೀದಿಯಲ್ಲಿ ಎಷ್ಟು ಜನ ಎಂಜಿನಿಯರುಗಳಿದ್ದಾರೆ ಎಂದು ತಿಳಿಯಬೇಕೆ? ಜನಗಣತಿಗೆ ಕಾಯುವುದು ಬೇಡ. ಒಂದು ಭಾನುವಾರ ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಪೆಚ್ಚುಮೋರೆ ಹಾಕಿಕೊಂಡು ಗೇಟಿನ ಮುಂದೆ ನಿಂತರೆ ಸಾಕು. ಐದು ನಿಮಿಷದಲ್ಲಿ ಲೆಕ್ಕ ಸಿಗುತ್ತದೆ. ನಮ್ಮ ಬೀದಿಯಲ್ಲಿ ಒಂಬತ್ತು ಜನ.

ಜನವರಿ ಕೊನೆಯ ಭಾನುವಾರ ಅದು. ಷಡ್ಡಕನ ಮಗಳ ನಿಶ್ಚಿತಾರ್ಥ, ತೀರ್ಥಹಳ್ಳಿಯಲ್ಲಿ. ಶಿವಮೊಗ್ಗದಿಂದ 60 ಚಿಲ್ಲರೆ ಕಿಲೋಮೀಟರ್. ಆರೂವರೆಗೇ ಹೊರಟುಬಿಡೋಣ, ದಾರಿಯಲ್ಲಿ ಎಲ್ಲೂ ನಿಲ್ಲಿಸುವುದು ಬೇಡ ಎಂದು ಹಿಂದಿನ ರಾತ್ರಿ ಮನೆಮಂದಿಗೆಲ್ಲ ತಾಕೀತು ಮಾಡಿದವನು ನಾನೇ. ಎಲ್ಲರೂ ರೇಷ್ಮೆ ಉಟ್ಟು ಹಿಂದೆ ಕೂತಾಯಿತು, ಹೂವಿನ ಬುಟ್ಟಿ ತೊಡೆಯ ಮೇಲೆ ಬಂತು. ಕೀಲಿ ತಿರುಗಿಸಿದೆ. ಕಾರು 'ಟಕಟಕಟಕಟಕ' ಅಂದಿತು. ಅಷ್ಟೇ. ಎಂಜಿನ್ ಮಿಸುಕಲಿಲ್ಲ.

ಮೊದಲು ಬಂದವರು ಎದುರುಮನೆ ರಾಯರು. ಬ್ಯಾಂಕಿನಿಂದ ನಿವೃತ್ತರಾದವರು. ಯಾವ ಕಷ್ಟ ಹೇಳಿಕೊಂಡರೂ ಮೊದಲು ಬ್ಯಾಲೆನ್ಸ್ ಎಷ್ಟಿದೆ ಎಂದು ಕೇಳುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. "ಪೆಟ್ರೋಲ್ ಇದೆಯೇನ್ರೀ?" ಅಂದರು. ಇದೆ ಅಂದೆ. ನಂಬದೆ ಒಳಗೆ ತಲೆ ಹಾಕಿ ಮುಳ್ಳು ನೋಡಿದರು. ಆಮೇಲೆ ಹಾರ್ನ್ ಒತ್ತಿದರು. ಬೀದಿಯೆಲ್ಲ ಎದ್ದಿತು. "ನೋಡಿ, ಹಾರ್ನ್ ಜೋರಾಗಿದೆ. ಅಂದಮೇಲೆ ಬ್ಯಾಟರಿ ಸರಿ ಇದೆ. ಇದು ಬೇರೇನೋ" ಎಂದು ತೀರ್ಪು ಕೊಟ್ಟರು.

ಆ ಹಾರ್ನ್ ಕರೆಗಂಟೆಯ ಕೆಲಸ ಮಾಡಿತು. ಪಕ್ಕದ ಮನೆ ಮೇಷ್ಟ್ರು ಬಂದರು. ಅವರು ಕಾರು ಕಲಿತದ್ದು ಅಂಬಾಸಡರ್‌ನಲ್ಲಿ, ಚೋಕ್ ಎಳೆಯುವ ಕಾಲದಲ್ಲಿ. "ಆಕ್ಸಿಲೇಟರ್ ನಾಲ್ಕು ಸಲ ಪಂಪ್ ಮಾಡಿ, ಆಮೇಲೆ ಸೆಲ್ಫ್ ಹೊಡೀರಿ" ಅಂದರು. ಹಿರಿಯರು, ಮಾತು ಮೀರಬಾರದೆಂದು ನಾಲ್ಕು ಸಲ ಒತ್ತಿದೆ. ಕಾರ್ಬುರೇಟರ್ ಇದ್ದ ಕಾರಿನಲ್ಲಿ ಒಂದೊಂದು ಒತ್ತಿಗೂ ಒಂದಿಷ್ಟು ಪೆಟ್ರೋಲ್ ಚಿಮ್ಮುತ್ತಿತ್ತು, ಚಳಿಯಲ್ಲಿ ಅದರಿಂದ ಉಪಕಾರವೂ ಆಗುತ್ತಿತ್ತು. ಈಗಿನ ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲ್ ಅಳೆದು ಕೊಡುವುದು ಕಂಪ್ಯೂಟರು. ಎಂಜಿನ್ ನಿಂತಿರುವಾಗ ನಾಲ್ಕಲ್ಲ, ನಾನೂರು ಸಲ ಒತ್ತಿದರೂ ಕಾಲಿಗೆ ವ್ಯಾಯಾಮ, ಅಷ್ಟೇ.

ಕಂಪ್ಯೂಟರು ಎಂದೊಡನೆ ನೆನಪಾದವನು ಬಾವಮೈದ. ಬೆಂಗಳೂರಿನಲ್ಲಿ ಸಾಫ್ಟ್‌ವೇರು. ವಿಡಿಯೋ ಕಾಲ್‌ನಲ್ಲಿ ಹಲ್ಲುಜ್ಜುತ್ತಲೇ ಕಾರನ್ನು ನೋಡಿ, "ಬಾವ, ಒಂದ್ಸಲ ಫುಲ್ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ" ಅಂದ. ಮಾಡಿದೆ. ಕಾರು ಮತ್ತೆ ಟಕಟಕ ಅಂದಿತು. "ಹಾಗಾದ್ರೆ ಹಾರ್ಡ್‌ವೇರ್ ಪ್ರಾಬ್ಲಮ್ ಬಾವ" ಎಂದು ಬಾಯಿ ಮುಕ್ಕಳಿಸಿದ.

ಹಾಲಿನವನ ಪ್ರಕಾರ ಇಲಿ ವೈರು ಕಡಿದಿತ್ತು. ಇದನ್ನು ನಾನು ಗೇಲಿ ಮಾಡಲಾರೆ. ನಮ್ಮ ಕಡೆ ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡುವುದು, ವೈರಿನ ಮೇಲಿನ ಪ್ಲಾಸ್ಟಿಕ್ಕು ಕಚ್ಚುವುದು ಮಾಮೂಲು. ಟಾರ್ಚ್ ಹಿಡಿದು ಹುಡುಕಿದೆವು. ಒಂದು ಅಡಿಕೆ ಸಿಪ್ಪೆ ಸಿಕ್ಕಿತು, ಇಲಿ ಸಿಗಲಿಲ್ಲ.

ಈ ನಡುವೆ ರಾಯರು ಇತಿಹಾಸಕ್ಕೆ ಇಳಿದಿದ್ದರು. ಸೆಲ್ಫ್ ಮೋಟರ್ ಮಾಡಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್, ಅದು ಮೊದಲು ಬಂದದ್ದು 1912ರ ಕ್ಯಾಡಿಲಾಕ್ ಕಾರಿಗೆ, ಅಲ್ಲಿಯವರೆಗೆ ಎಲ್ಲರೂ ಹ್ಯಾಂಡ್ಲು ಹೊಡೆಯಬೇಕಿತ್ತು, ಹ್ಯಾಂಡ್ಲು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಎಲ್ಲವೂ ನಿಜವೇ. ಆದರೆ ಮುಹೂರ್ತ ಒಂಬತ್ತೂವರೆಗಿತ್ತು.

"ತಳ್ಳೋಣ ಬಿಡ್ರೀ" ಎಂದು ಯಾರೋ ಅಂದದ್ದೇ ತಡ, ಬೀದಿಗೆ ಹುರುಪು ಬಂತು. ತಳ್ಳುವುದರಲ್ಲಿ ನಮ್ಮವರಿಗೆ ಇರುವ ಉತ್ಸಾಹ ಸುಮ್ಮನಲ್ಲ. ಹೆಂಗಸರನ್ನು ಇಳಿಸಿ, ಪೇಪರ್ ಹುಡುಗನನ್ನೂ ಸೇರಿಸಿಕೊಂಡು ಎಂಟು ಜನ ಡಿಕ್ಕಿಗೆ ಭುಜ ಕೊಟ್ಟರು. ವಿಧಾನ ನನಗೆ ಬಾಯಿಪಾಠ. ಕ್ಲಚ್ ಒತ್ತಿ ಎರಡನೇ ಗೇರಿನಲ್ಲಿಡಬೇಕು, ವೇಗ ಬಂದಮೇಲೆ ಕ್ಲಚ್ ಗಕ್ಕನೆ ಬಿಡಬೇಕು. ಮೊದಲನೇ ಗೇರಾದರೆ ಚಕ್ರ ಕಚ್ಚಿಕೊಂಡು ತಳ್ಳುವವರ ಮೂಗು ಡಿಕ್ಕಿಗೆ ಬಡಿಯುತ್ತದೆ. ಆಟೋಮ್ಯಾಟಿಕ್ ಕಾರಾದರೆ ಇಡೀ ಊರು ತಳ್ಳಿದರೂ ಆಗುವುದಿಲ್ಲ. ಗೊಬ್ಬಳಿ ಮರದವರೆಗೆ ತಳ್ಳಿದರು. ಕ್ಲಚ್ ಬಿಟ್ಟೆ. ಕಾರು ಒಂದು ಸಲ ಜಗ್ಗಿ ನಿಂತಿತು. ಮತ್ತೆ ತಿರುವಿನವರೆಗೆ ತಳ್ಳಿದರು. ಮತ್ತೆ ಜಗ್ಗಿ ನಿಂತಿತು. ಏದುಸಿರು ಬಿಡುತ್ತ ಮೇಷ್ಟ್ರು ಕಿಟಕಿಯಲ್ಲಿ ಬಗ್ಗಿ ನೋಡಿ ಶಾಂತವಾಗಿ ಕೇಳಿದರು, "ಕೀಲಿ ಆನ್ ಮಾಡಿದ್ರಾ?"

ಮಾಡಿರಲಿಲ್ಲ.

ಮೂರನೇ ಸಲ ತಳ್ಳಲು ಜನ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂದು ಕೇಳುವ ಮುಖವೂ ನನಗಿರಲಿಲ್ಲ. ಮನೆಯ ಮುಂದಕ್ಕೆ ವಾಪಸು ತಳ್ಳಿಕೊಟ್ಟದ್ದೇ ಅವರ ದೊಡ್ಡಗುಣ.

ಆಗ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಮೊದಲೇ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಒಂಬತ್ತು ಜನ ತಜ್ಞರನ್ನು ಎದುರಿಗಿಟ್ಟುಕೊಂಡು ಹೊರಗಿನವನನ್ನು ಕರೆದರೆ ಬೀದಿಯಲ್ಲಿ ಬಾಳುವುದು ಹೇಗೆ? ಅವನು ಪೆಟ್ರೋಲ್ ಕೇಳಲಿಲ್ಲ, ಮಾಡೆಲ್ ಕೇಳಲಿಲ್ಲ. "ಸಾರ್, ಅದು ಏನಂತದೆ?" ಅಂದ.

"ಏನೂ ಅನ್ನಲ್ಲಪ್ಪ, ಸ್ಟಾರ್ಟೇ ಆಗ್ತಿಲ್ಲ."

"ಅಲ್ಲ ಸಾರ್, ಕೀಲಿ ತಿರುಗಿಸಿದ್ರೆ ಸೌಂಡ್ ಹೆಂಗೆ ಬರ್ತದೆ? ಒಂದೇ ಟಕ್ಕೋ, ಟಕಟಕವೋ, ಕಿರ್‌ಕಿರ್ ಅಂತ ಸುತ್ತುತದೋ? ಮಾಡಿ ತೋರ್ಸಿ."

ರೇಷ್ಮೆ ಪಂಚೆ ಉಟ್ಟುಕೊಂಡು, ಇಡೀ ಬೀದಿಯ ಎದುರು, ಫೋನಿನಲ್ಲಿ ನಾನು 'ಟಕಟಕಟಕಟಕ' ಅಂದೆ. ಮಗಳು ತಲೆ ತಗ್ಗಿಸಿ ಒಳಗೆ ಹೋದಳು.

"ಬಂದೆ ಸಾರ್. ಇನ್ನು ಯಾರೂ ಏನೂ ಮುಟ್ಬೇಡಿ."

ಬಂದವನು ಬಗ್ಗಿ ಕೆಲಸ ಮಾಡುತ್ತಲೇ ಮಾತಾಡಿದ. ಕಿರ್‌ಕಿರ್ ಎಂದು ಎಂಜಿನ್ ಚೆನ್ನಾಗಿ ಸುತ್ತಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿ ನಿರಪರಾಧಿ. ಆಗ ಪೆಟ್ರೋಲ್ ಬರುತ್ತಿದೆಯೇ, ಪ್ಲಗ್ಗಿಗೆ ಕಿಡಿ ಬರುತ್ತಿದೆಯೇ ನೋಡಬೇಕು. ಕೀಲಿ ಆನ್ ಮಾಡಿ ಸುಮ್ಮನೆ ಕಿವಿಗೊಟ್ಟರೆ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ 'ಗುಂಯ್' ಎನ್ನುತ್ತದಲ್ಲ, ಅದು ಟ್ಯಾಂಕಿನೊಳಗಿನ ಪಂಪು. ಆ ದನಿ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರ ಮಿಣುಕುತ್ತಲೇ ಇದ್ದರೆ ಕಾರು ನಿಮ್ಮನ್ನೇ ಕಳ್ಳ ಎಂದುಕೊಂಡಿದೆ, ಎರಡನೇ ಕೀಲಿ ತನ್ನಿ. ಹೆಡ್‌ಲೈಟ್ ಜೋರಾಗಿ ಉರಿಯುತ್ತಿದ್ದೂ ಒಂದೇ 'ಟಕ್' ಅಂದು ಸುಮ್ಮನಾದರೆ ಅನುಮಾನ ಸೆಲ್ಫ್ ಮೋಟರ್ ಮೇಲೆ. ಟಕಟಕ ಅಂದರೆ ಹಸಿವು. ಸೆಲ್ಫಿನ ಸ್ವಿಚ್ಚು ಕಚ್ಚುತ್ತದೆ, ಮೋಟರ್ ಕರೆಂಟ್ ಎಳೆದೊಡನೆ ವೋಲ್ಟೇಜ್ ಕುಸಿಯುತ್ತದೆ, ಸ್ವಿಚ್ಚು ಬಿಟ್ಟುಕೊಳ್ಳುತ್ತದೆ. ಬಿಟ್ಟರೆ ವೋಲ್ಟೇಜ್ ಏರಿ ಮತ್ತೆ ಕಚ್ಚುತ್ತದೆ.

"ಆದರೆ ಹಾರ್ನ್ ಬಂತಲ್ಲಪ್ಪ" ಎಂದರು ರಾಯರು, ತೀರ್ಪು ಬಿಟ್ಟುಕೊಡದೆ.

"ಹಾರ್ನಿಗೆ ಐದಾರು ಆಂಪಿಯರ್ ಸಾಕು ಸಾರ್. ಸೆಲ್ಫಿಗೆ ನೂರಕ್ಕೂ ಜಾಸ್ತಿ ಬೇಕು. ಜೇಬಲ್ಲಿ ಕಾಫಿಗೆ ಕಾಸಿದೆ ಅಂತ ಮದುವೆ ಛತ್ರ ಬುಕ್ ಮಾಡಕ್ಕಾಗ್ತದಾ?" ಬ್ಯಾಂಕಿನ ಭಾಷೆಯಲ್ಲಿ ಹೇಳಿದ್ದರಿಂದ ರಾಯರು ತೆಪ್ಪಗಾದರು.

ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಸೀಸದ ಗೂಟಗಳಿಗೆ ಮುಟ್ಟಿಸಿದ. 12.5 ವೋಲ್ಟ್. ಹೆಚ್ಚುಕಡಿಮೆ ತುಂಬಿದ ಬ್ಯಾಟರಿಯೇ. ಮೇಷ್ಟ್ರು ಹುಬ್ಬೇರಿಸಿದರು. ಆಮೇಲೆ ಒಂದು ಕಡ್ಡಿ ಗೂಟದ ಮೇಲೆ, ಇನ್ನೊಂದು ಅದನ್ನೇ ಅಪ್ಪಿಕೊಂಡಿದ್ದ ಟರ್ಮಿನಲ್ ಮೇಲೆ ಇಟ್ಟು "ಈಗ ಹೊಡೀರಿ" ಅಂದ. ಸೊನ್ನೆಯ ಹತ್ತಿರ ಇರಬೇಕಾದ ಅಂಕೆ ನಾಲ್ಕರ ಮೇಲೆ ಕುಣಿಯಿತು. ಬೆರಳಗಲದ ಜಾಗದಲ್ಲಿ ನಾಲ್ಕು ವೋಲ್ಟ್ ಸೋರಿಹೋಗಿತ್ತು. ಅಲ್ಲಿ ಬಿಳಿ-ಹಸಿರು ಕಿಲುಬು ಹೂಕೋಸಿನ ಹಾಗೆ ಅರಳಿ ಕೂತಿತ್ತು. ಮುಂಜಾನೆಯಿಂದ ಒಂಬತ್ತು ಜೊತೆ ಕಣ್ಣು ಅದರ ಮೇಲೇ ಹಾದುಹೋಗಿತ್ತು.

"ಅಮ್ಮಾ, ಒಂದು ಚಂಬು ಬಿಸಿನೀರು, ಎರಡು ಚಮಚ ಅಡುಗೆ ಸೋಡಾ" ಎಂದು ಅಡುಗೆಮನೆಗೆ ಕೂಗಿದ. ಹತ್ತನೇ ನಂಬರ್ ಸ್ಪ್ಯಾನರಿನಿಂದ ಮೊದಲು ಮೈನಸ್ ಬಿಚ್ಚಿದ, ಆಮೇಲೆ ಪ್ಲಸ್. ಸೋಡಾ ನೀರು ಬಿದ್ದದ್ದೇ ಕಿಲುಬು ಬುಸಬುಸ ನೊರೆಯೆದ್ದು ಕರಗಿತು. ಉಜ್ಜಿ, ಒರೆಸಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿದು, ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿದ. ಕೀಲಿ ತಿರುಗಿಸಿದೆ. ಏನೂ ಆಗಿಯೇ ಇಲ್ಲವೆಂಬಂತೆ ಕಾರು ಗುರ್ ಎಂದಿತು.

ಆಯುಧಪೂಜೆಯ ದಿನ ಬ್ಯಾಟರಿಗೆ ಕುಂಕುಮ ಇಡಲು ಬಗ್ಗಿದ್ದ ಹೆಂಡತಿ, "ರೀ, ಇದರ ಮೇಲೆ ಬೂಷ್ಟು ಬಂದ ಹಾಗಿದೆ ನೋಡಿ" ಅಂದಿದ್ದಳು. "ಅದು ಹಾಗೇ ಇರುತ್ತೆ, ನಿನಗೆ ಗೊತ್ತಾಗಲ್ಲ" ಅಂದಿದ್ದೆ. ತೀರ್ಥಹಳ್ಳಿ ದಾರಿಯುದ್ದಕ್ಕೂ ಅವಳು ಆ ಮಾತು ಎತ್ತಲೇ ಇಲ್ಲ. ಅದೇ ಭಯ.

ಮೆಕ್ಯಾನಿಕ್ ತೆಗೆದುಕೊಂಡದ್ದು ನೂರು ರೂಪಾಯಿ. ಒಂಬತ್ತು ಜನ ಎಂಜಿನಿಯರುಗಳ ಕಾಫಿ, ಉಪ್ಪಿಟ್ಟಿಗೆ ಒಂದೂವರೆ ಕೆಜಿ ರವೆ ಹಿಡಿಯಿತು.