ಕುಂಟುನೆಪ ಪ್ರದೀಪಿಕೆ

ಮೈಗೆ ನೋವಾದರೆ ವ್ಯಾಯಾಮ ನಿಲ್ಲುತ್ತದೆ ಎಂಬುದು ಪಾಮರರ ನಂಬಿಕೆ. ಸೇಲಂ–ಧರ್ಮಪುರಿ ಸೀಮೆಯ ಸೊಂಟ, ಮೊಣಕಾಲು, ಹೆಗಲುಗಳನ್ನು ಸೂಕ್ಷ್ಮವಾಗಿ ಪರಾಮರ್ಶಿಸಿದರೆ ಸಿದ್ಧಾಂತ ತಲೆಕೆಳಗಾಗುತ್ತದೆ. ನೋವು ಇರುವಷ್ಟು ದಿನ ಅಭ್ಯಾಸವೂ ಇರುತ್ತದೆ. ವಾಸಿಯಾದ ಮರುದಿನವೇ ಮ್ಯಾಟು ಸುರುಳಿ ಸುತ್ತಿಕೊಂಡು ಬೀರುವಿನ ಹಿಂದೆ ಸೇರುತ್ತದೆ. ಆದಕಾರಣ ಯೋಗದ ಪರಮಶತ್ರು ಗಾಯವಲ್ಲ, ಆರೋಗ್ಯ.

ಮೊದಲು ಆಪ್ತಪ್ರಮಾಣ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿ, 1934ರಲ್ಲಿ ಕನ್ನಡದಲ್ಲೇ ‘ಯೋಗ ಮಕರಂದ’ ಹೊರತಂದ ಟಿ. ಕೃಷ್ಣಮಾಚಾರ್ಯರು 96ರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಒಲ್ಲೆನೆಂದು, ಮಲಗಿದಲ್ಲೇ ಮಾಡುವ ವ್ಯಾಯಾಮ ಕಟ್ಟಿಕೊಂಡರು. ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು 1979ರಲ್ಲಿ ಸ್ಕೂಟರ್ ಅಪಘಾತವಾದ ಮೇಲೆ, ಅರವತ್ತರ ಹರೆಯದಲ್ಲಿ, ಆಸನಗಳಿಗೆ ಮತ್ತೆ ಮೊದಲಿನಿಂದ ಮೈ ಒಗ್ಗಿಸಿದರು. ಇಬ್ಬರೂ ನಮ್ಮ ಮತಕ್ಕೆ ಪೋಷಕರೇ. ಚೇತರಿಸಿಕೊಂಡ ಮೇಲೂ ಅಭ್ಯಾಸ ಬಿಡಲಿಲ್ಲ ಎಂಬ ಒಂದು ದೋಷವಿದೆ. ದೊಡ್ಡವರೆಂದು ಮನ್ನಿಸೋಣ.

ಇನ್ನು ಪ್ರತ್ಯಕ್ಷ. ಸೇಲಂನಲ್ಲಿ ಒಂದು ದೇವಾಂಗ ನೇಕಾರರ ಮನೆ; ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಯಜಮಾನರು ಕುಣಿಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತಿದ್ದಾರೆ. ಪಾದ ಹಲಗೆ ತುಳಿಯುತ್ತದೆ, ಒಂದು ಕೈ ಲಾಳಿಯ ಹಗ್ಗ ಜಗ್ಗುತ್ತದೆ, ಇನ್ನೊಂದು ಹೊಕ್ಕನ್ನು ಬಡಿದು ಕೂರಿಸುತ್ತದೆ, ಹಾಸಿನ ಎಳೆ ಹರಿದ ಕಡೆ ಕತ್ತು ಬಾಗುತ್ತದೆ. ಶಾಸ್ತ್ರಕಾರರು ಮರೆತ ಈ ಭಂಗಿಗೆ ‘ಅರ್ಧಕೂಪ ಲಾಳಿಕಾಸನ’ ಎಂದು ನಾಮಕರಣ ಮಾಡಿದ್ದೇವೆ. ಕೂಲಿ ಸಿಗುವ ಆಸನ ಇದೊಂದೇ. ದಿನವಿಡೀ ಇದನ್ನು ಸಾಧಿಸಿ ಸೊಂಟ ಹಿಡಿದುಕೊಂಡು ಹೋದವರಿಗೆ ವೈದ್ಯರು ಹೇಳುವುದು: “ಮೈಗೆ ಸ್ವಲ್ಪ ವ್ಯಾಯಾಮ ಬೇಕು.”

ಇದೇ ಜನ ಚೌಡೇಶ್ವರಿಯ ಹಬ್ಬದಲ್ಲಿ ಅಲಗು ಸೇವೆ ಮಾಡುವವರು. ಕತ್ತಿಯಿಂದ ಎದೆಗೆ ಹೊಡೆದುಕೊಂಡು, ಗಾಯಕ್ಕೆ ಅರಿಸಿನದ ಭಂಡಾರ ಮೆತ್ತಿ, ಮುಂದಿನ ಹೆಜ್ಜೆ ಹಾಕುವವರು. ಅವರೆದುರು ‘ಹಿಮ್ಮಡಿ ಸ್ವಲ್ಪ ಚುಳುಕ್ ಅಂತು, ಇವತ್ತು ಬೇಡ’ ಎಂದು ವಾದ ಹೂಡುವುದು ಯಾವ ತಾರ್ಕಿಕನಿಗೂ ಕಷ್ಟ.

ಪೂರ್ವಪಕ್ಷದವರು ಹೊಗೇನಕಲ್ಲಿಗೆ ಕೈತೋರಿಸುತ್ತಾರೆ. ಅಲ್ಲಿ ಕಾವೇರಿಯ ದಡದ ಬಂಡೆಯ ಮೇಲೆ ಬೋರಲು ಮಲಗಿಸಿ, ಎಣ್ಣೆ ಸುರಿದು, ಬೆನ್ನನ್ನು ತಿಕ್ಕಿ ತೀಡಿ ನೀರಿಗೆ ಬಿಡುತ್ತಾರೆ. ಇದು ಪರಹಸ್ತಯೋಗ. ವ್ಯಾಯಾಮದ ಫಲವೆಲ್ಲ ತಿಕ್ಕಿದವನ ತೋಳಿಗೆ. ತಿಕ್ಕಿಸಿಕೊಂಡವರಿಗೆ ಉಳಿಯುವುದು ಹಸಿವು, ಅದು ದಡದಲ್ಲಿ ಹುರಿದ ಮೀನಿನಲ್ಲಿ ಲಯವಾಗುತ್ತದೆ. ಯರ್ಕಾಡಿನ 20 ಹೇರ್‌ಪಿನ್ ತಿರುವುಗಳನ್ನು ಬಸ್ಸಿನಲ್ಲಿ ಹತ್ತುವುದೂ ಬೆನ್ನೆಲುಬಿಗೆ ಪರಿವೃತ್ತಾಸನವೇ ಎಂಬ ಇನ್ನೊಂದು ಪಂಥವಿದೆ; ಅದು ಚರ್ಚೆಗೆ ಅನರ್ಹ.

ಈಗ ಆರೋಗ್ಯದಿಂದ ಒದಗುವ ಅನರ್ಥಕ್ಕೆ ಬರೋಣ. ಸೇಲಂ ಸಬ್ಬಕ್ಕಿಯ ಊರು. ವೈದ್ಯರ ಮಾತಿನಂತೆ ಮ್ಯಾಟು ಹಾಸಿದ ನಮ್ಮ ನೇಕಾರ ಯಜಮಾನರ ಸೊಂಟ ಸಡಿಲಾಗಿ ಅವರು ಮಹಡಿ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿದ ದಿನ ಸೊಸೆ ಅದನ್ನು ಗಮನಿಸಿದಳು. “ಮಾವ, ವಾಸಿಯಾಯ್ತಲ್ಲ, ಆ ಮ್ಯಾಟು ಕೊಡಿ.” ಸಬ್ಬಕ್ಕಿ ಗಂಜಿ ಗಾಜಿನಂತೆ ತಿಳಿಯಾಗುವವರೆಗೆ ಬೆಂದಿತ್ತು, ಜೀರಿಗೆ, ಹಸಿಮೆಣಸಿನಕಾಯಿ ಬಿದ್ದಾಗಿತ್ತು. ಮ್ಯಾಟಿನ ಮೇಲೆ ತೆಳು ಬಟ್ಟೆ ಹಾಸಿ ಸೌಟಿನಿಂದ ಸಾಲುಸಾಲಾಗಿ ಸಂಡಿಗೆ ಹೊಯ್ದಳು. ಅಂದಿಗೆ ಯೋಗ ಬಂದ್.

ಮರುದಿನವೇ ಸೊಂಟ ಮತ್ತೆ ಹಿಡಿಯಿತು. ಸಂಡಿಗೆಗೆ ಇನ್ನೆರಡು ಬಿಸಿಲು ಬೇಕಿತ್ತು. ಮ್ಯಾಟಿನ ಮೇಲೆ ಪ್ರಥಮ ಹಕ್ಕು ಸೊಂಟದ್ದೋ ಸಂಡಿಗೆಯದ್ದೋ ಎಂಬ ಮಹಾವಿವಾದದಲ್ಲಿ ಅತ್ತೆಯವರು ಸಂಡಿಗೆಯ ಪರ ತೀರ್ಪು ಕೊಟ್ಟರು. ಮಾವ ಈಗ ಮಹಡಿಯ ಮೇಲೆ ಭವಾನಿ ಜಮಖಾನ ಹಾಸಿಕೊಂಡು ಭುಜಂಗಾಸನದಲ್ಲಿದ್ದಾರೆ. ತಲೆ ಹೇಗೂ ಎತ್ತಿರುತ್ತದಲ್ಲ ಎಂದು ಕಾಗೆ ಓಡಿಸುವ ಕೆಲಸವನ್ನೂ ಅವರಿಗೇ ವಹಿಸಲಾಗಿದೆ.