ಸ್ಥಾವರ ಮತ್ತು ಜಂಗಮ ಪ್ರತಿಗಳಲ್ಲಿ ಪಾಠಭೇದ: ಒಂದು ಗುಪ್ತಪದ ಕೋಶದ ಗ್ರಂಥಸಂಪಾದನೆ

ಪೀಠಿಕೆ

ಓಲೆಗರಿ ಕಟ್ಟುಗಳನ್ನು ಎದುರಿಗಿಟ್ಟುಕೊಂಡು, ಲಿಪಿಕಾರನ ನಿದ್ದೆಗಣ್ಣಿನ ತಪ್ಪು ಯಾವುದು, ಹುಳು ತಿಂದ ತೂತು ಯಾವುದು ಎಂದು ವಿಂಗಡಿಸಿ, ಕವಿಯ ಮೂಲಪಾಠ ಇದೇ ಇರಬೇಕೆಂದು ನಿರ್ಣಯಿಸುವ ವಿದ್ಯೆ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಡಿ.ಎಲ್. ನರಸಿಂಹಾಚಾರ್ ‘ಕನ್ನಡ ಗ್ರಂಥ ಸಂಪಾದನೆ’ ಎಂದು ಪುಸ್ತಕವನ್ನೇ ಬರೆದರು. ಆದರೆ ಒಂದು ವರ್ಗದ ಗ್ರಂಥವನ್ನು ಪಂಡಿತಲೋಕ ಇಂದಿಗೂ ಕಣ್ಣೆತ್ತಿ ನೋಡಿಲ್ಲ. ಅದು ಮನೆಯ ಪಾಸ್‌ವರ್ಡ್ ಕೋಶ. ಇದರ ಕರ್ತೃ ಯಾರೆಂಬ ಬಗ್ಗೆ ವಿವಾದವಿಲ್ಲ. ಕಾಲನಿರ್ಣಯದ ಗೊಡವೆಯಿಲ್ಲ. ಕರ್ತೃ ಬದುಕಿದ್ದಾನೆ, ಪಕ್ಕದ ಕೋಣೆಯಲ್ಲೇ ಕೂತಿದ್ದಾನೆ, ‘ಇವೆರಡರಲ್ಲಿ ಯಾವುದು ನಿನ್ನ ಪಾಠ?’ ಎಂದು ಕೇಳಿದರೆ ‘ನೆನಪಿಲ್ಲ’ ಎನ್ನುತ್ತಾನೆ. ಪಂಪನ ಸಂಪಾದಕರಿಗೆ ಈ ತೊಂದರೆ ಇರಲಿಲ್ಲ. ಅವರಿಗೆ ಪಂಪ ಸಿಕ್ಕಿರಲಿಲ್ಲ, ಅಷ್ಟೆ.

ಪ್ರಸ್ತುತ ಪ್ರಬಂಧದ ಆಕರ ನನ್ನ ಭಾವನವರ ಕೋಶ. ನಿವೃತ್ತ ಹೆಡ್ಮಾಸ್ತರರಾದ ಅವರು ಅದನ್ನು ಮೇಜಿನ ಕಂಪ್ಯೂಟರಿನಲ್ಲೂ ಜಂಗಮವಾಣಿಯಲ್ಲೂ ಏಕಕಾಲಕ್ಕೆ ಪಾಲಿಸಿಕೊಂಡು ಬಂದಿದ್ದಾರೆ. ಅನುಕೂಲಕ್ಕಾಗಿ ಮೊದಲನೆಯದನ್ನು ‘ಸ್ಥಾ’ ಪ್ರತಿ, ಎರಡನೆಯದನ್ನು ‘ಜಂ’ ಪ್ರತಿ ಎಂದು ಸಂಕೇತಿಸಲಾಗಿದೆ. ಇವೆರಡೂ ಒಂದೇ ಆಗಿರಬೇಕು ಎಂಬುದು ಪೂರ್ವಪಕ್ಷ. ಆಗಿರುವುದಿಲ್ಲ ಎಂಬುದು ಎಲ್ಲರ ಅನುಭವ.

ಪೂರ್ವಸೂರಿಗಳು

ಕಂಪ್ಯೂಟರಿಗೆ ಪಾಸ್‌ವರ್ಡ್ ಎಂಬ ಬಾಗಿಲನ್ನು ಇಟ್ಟ ಕೀರ್ತಿ ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಪ್ರದರ್ಶಿಸಿದ ಸಿಟಿಎಸ್‌ಎಸ್ ವ್ಯವಸ್ಥೆಗೆ ಸಲ್ಲುತ್ತದೆ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬೇಕಿತ್ತು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈಹಾಕಬಾರದಿತ್ತು. ಮರುವರ್ಷವೇ ಆಲನ್ ಶೆರ್ ಎಂಬ ಪಿಎಚ್.ಡಿ. ವಿದ್ಯಾರ್ಥಿ, ತನ್ನ ಪಾಲಿಗೆ ಬಂದ ಯಂತ್ರಸಮಯ ಸಾಲದೆ, ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಂಡು ಬೇರೆಯವರ ಹೆಸರಿನಲ್ಲಿ ಒಳಹೊಕ್ಕ. ಸಂಶೋಧನೆ ಮುಗಿಸಲು ವಿದ್ವಾಂಸರು ಏನೆಲ್ಲ ಮಾಡುತ್ತಾರೆಂಬುದಕ್ಕೆ ಇದು ಆದ್ಯ ಶಾಸನ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು 1966ರ ಘಟನೆ. ಅಲ್ಲಿನ ಪಠ್ಯ ತಿದ್ದುವ ತಂತ್ರಾಂಶ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರಿಡುತ್ತಿತ್ತು. ಒಮ್ಮೆಗೆ ಒಬ್ಬರೇ ತಿದ್ದುತ್ತಾರೆಂಬ ನಂಬಿಕೆಯಿಂದ ಹಾಗೆ ಮಾಡಿದ್ದರು. ಒಂದು ದಿನ ಇಬ್ಬರು ಕೂತರು. ಒಬ್ಬರು ಎಲ್ಲರಿಗೂ ಕಾಣುವ ದಿನದ ಸೂಚನೆಯನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಕಡತವನ್ನು. ಎರಡೂ ಅದಲುಬದಲಾದವು. ಅಂದು ಒಳಬಂದವರಿಗೆಲ್ಲ ದಿನದ ಸೂಚನೆಯ ಜಾಗದಲ್ಲಿ ಸರ್ವರ ಪಾಸ್‌ವರ್ಡೂ ದರ್ಶನ ಕೊಟ್ಟಿತು. ಒಂದೇ ಹೆಸರಿನ ಎರಡು ಪ್ರತಿ, ಇಬ್ಬರು ಲಿಪಿಕಾರರು: ಸಿಂಕ್ ಸಮಸ್ಯೆಯ ಪುರಾಣಕಥೆ ಇದೇ ಎಂದು ಲೇಖಕ ಪ್ರತಿಪಾದಿಸುತ್ತಾನೆ.

ಪ್ರತಿಗಳ ಪರಿಚಯ

ಭಾವನವರ ಕೋಶ ಕೀಪಾಸ್ ಸಂಪ್ರದಾಯದ್ದು. ಡೊಮಿನಿಕ್ ರೈಶ್ಲ್ 2003ರಲ್ಲಿ ಪ್ರಾರಂಭಿಸಿದ ಈ ಸಂಪ್ರದಾಯದಲ್ಲಿ ಪಾಸ್‌ವರ್ಡುಗಳೆಲ್ಲ ಬೀಗ ಹಾಕಿದ ಒಂದೇ ಫೈಲಿನಲ್ಲಿರುತ್ತವೆ. ಕಂಪ್ಯೂಟರಿನಲ್ಲಿ ಅದನ್ನು ತೆರೆಯುವುದು ಕೀಪಾಸ್‌ಎಕ್ಸ್‌ಸಿ, ಫೋನಿನಲ್ಲಿ ಕೀಪಾಸ್‌ಡಿಎಕ್ಸ್. ಇಬ್ಬರೂ ಓದಲು ಬರೆಯಲು ಬಲ್ಲರು, ಹೊರಲಾರರು. ಹೊರುವ ಕೆಲಸ ಸಿಂಕ್‌ಥಿಂಗ್ ಎಂಬ ಮೂರನೆಯವನದು. ಹೀಗಾಗಿ ಏನಾದರೂ ಕೆಟ್ಟರೆ ಮೂವರೂ ತಮ್ಮ ಕರ್ತವ್ಯ ತಾವು ಮಾಡಿದ್ದೇವೆಂದು ಹೇಳಲು ಬರುತ್ತದೆ, ಮತ್ತು ಅದು ಸಾಮಾನ್ಯವಾಗಿ ನಿಜ.

ಕೋಶವನ್ನು ತೆರೆದರೆ ಕಾಣುವುದು ಪದರಗಳು. ‘ಬ್ಯಾಂಕ್’ ಎಂಬ ನಮೂದು ಆದಿಪದರ. ಅದರ ಮೇಲೆ ‘ಬ್ಯಾಂಕ್ ಹೊಸದು’. ಅದರ ಮೇಲೆ ‘ಬ್ಯಾಂಕ್ ಹೊಸದು ಸರಿಯಾದ್ದು’. ಎಲ್ಲಕ್ಕಿಂತ ಮೇಲೆ ‘ಬ್ಯಾಂಕ್ ಇದೇ’. ಸಾಮಾನ್ಯ ಸಂಪಾದಕ ‘ಇದೇ’ ಎಂಬುದನ್ನು ನಂಬಿಬಿಡುತ್ತಾನೆ. ಪರಿಶೀಲನೆಯಿಂದ ತಿಳಿದುಬಂದದ್ದೇನೆಂದರೆ, ‘ಸ್ಥಾ’ ಪ್ರತಿಯಲ್ಲಿ ಸರಿಯಾದದ್ದು ‘ಇದೇ’, ‘ಜಂ’ ಪ್ರತಿಯಲ್ಲಿ ‘ಇದೇ’ ಎಂಬುದೇ ಇಲ್ಲ, ಮತ್ತು ಬ್ಯಾಂಕು ಒಪ್ಪಿದ್ದು ‘ಹೊಸದು’.

ಕ್ಷೇತ್ರಕಾರ್ಯ

ವಕ್ತೃವಿನ ಸಂದರ್ಶನವನ್ನು ದೂರವಾಣಿಯ ಮೂಲಕ ನಡೆಸಲಾಯಿತು. ಆಯ್ದ ಭಾಗ:

“ಏನಯ್ಯಾ, ಕಂಪ್ಯೂಟರಲ್ಲಿ ಬದಲಾಯಿಸಿದ್ದು ಫೋನಿಗೆ ಬರ್ತಾನೇ ಇಲ್ವಲ್ಲ. ಕರೆಂಟ್ ಬಿಲ್ ಕಟ್ಟೋಕೆ ಹೋದ್ರೆ ತಪ್ಪು ತಪ್ಪು ಅಂತಿದೆ.”

“ಭಾವ, ಫೋನಲ್ಲಿ ಯಾವ ಫೈಲ್ ತೆರೆದಿದೀರಿ?”

“ಅದೇ ಕಣಯ್ಯಾ, ಕೋಶದ ಫೈಲು.”

“ಎಲ್ಲಿಂದ ತೆರೆದ್ರಿ? ಫೋಲ್ಡರ್ ಯಾವುದು ಅಂತ ನೋಡಿ ಹೇಳ್ತೀರಾ?”

“ಡೌನ್‌ಲೋಡ್ಸ್ ಅಂತಿದೆ. ಹೋದ ಯುಗಾದಿಗೆ ವಾಟ್ಸ್‌ಆ್ಯಪಲ್ಲಿ ನಾನೇ ನನಗೆ ಕಳಿಸ್ಕೊಂಡಿದ್ನಲ್ಲ, ಅದು.”

ಈ ಒಂದು ವಾಕ್ಯ ಹಸ್ತಪ್ರತಿಗಳ ವಂಶವೃಕ್ಷವನ್ನೇ ಬದಲಿಸಿತು. ಸಿಂಕ್‌ಥಿಂಗ್ ಶ್ರದ್ಧೆಯಿಂದ ಹೊತ್ತು ತರುತ್ತಿದ್ದ ‘ಜಂ’ ಪ್ರತಿಯನ್ನು ಫೋನಿನಲ್ಲಿ ಯಾರೂ ತೆರೆಯುತ್ತಲೇ ಇರಲಿಲ್ಲ. ಭಾವನವರು ನಿತ್ಯ ಪಾರಾಯಣ ಮಾಡುತ್ತಿದ್ದದ್ದು ಯುಗಾದಿಯ ‘ವಾ’ ಶಾಖೆಯ ಪ್ರತಿಯನ್ನು. ಹೆಸರು ಅದೇ, ಬಣ್ಣ ಅದೇ, ಬೀಗವೂ ಅದೇ. ತಾಣಗಳ ಪಾಸ್‌ವರ್ಡನ್ನು ಫೋನಿನಿಂದಲೇ ಬದಲಿಸಿ ಅದರಲ್ಲೇ ಬರೆದಿಡುತ್ತಿದ್ದರು ಕೂಡ, ಆದ್ದರಿಂದ ‘ವಾ’ ಪ್ರತಿಗೆ ಸ್ವತಂತ್ರ ಪಾಠಗಳೂ ಇವೆ. ಫೋನಿನಲ್ಲಿ ಸಿಂಕ್ ಕೆಟ್ಟಿದೆ ಎಂದು ಯಾರಾದರೂ ಹೇಳಿದಾಗ ಸಂಪಾದಕ ಕೇಳಬೇಕಾದ ಮೊದಲ ಪ್ರಶ್ನೆ ‘ಏನಾಯಿತು’ ಎಂಬುದಲ್ಲ, ‘ಯಾವ ಫೋಲ್ಡರಿನದು’ ಎಂಬುದು. ಫೈಲಿನ ಹೆಸರಿನ ಕೊನೆಗೆ ಆವರಣದಲ್ಲಿ 1 ಅಥವಾ 2 ಎಂಬ ಅಂಕಿ ಇದ್ದರೆ ಅದು ಮೂಲವಲ್ಲ, ಸಂತಾನ.

ಜಂಗಮದ ನಿದ್ರೆ

ಶಾಖೆ ಸರಿಪಡಿಸಿದ ಮೇಲೂ ಪಾಠ ಕೂಡಲಿಲ್ಲ. ಕಾರಣ, 2015ರ ಆಂಡ್ರಾಯ್ಡ್ 6ರಿಂದ ಫೋನುಗಳಿಗೆ ‘ಡೋಜ್’ ಎಂಬ ತೂಕಡಿಕೆ ಬಂದಿದೆ. ಮುಟ್ಟದೆ ಮೇಜಿನ ಮೇಲಿಟ್ಟ ಫೋನು ಹಿನ್ನೆಲೆಯ ಕೆಲಸಗಳನ್ನೆಲ್ಲ ಕಟ್ಟಿಟ್ಟು, ಆಗೊಮ್ಮೆ ಈಗೊಮ್ಮೆ ಎದ್ದು ಮಾಡಿ ಮತ್ತೆ ಮಲಗುತ್ತದೆ. ಇದರ ಮೇಲೆ ಹಲವು ಫೋನು ತಯಾರಕರು ತಮ್ಮ ಸ್ವಂತ ಮಿತವ್ಯಯವನ್ನೂ ಸೇರಿಸಿ, ಹೊರುವವನನ್ನು ಹೊತ್ತ ಮೂಟೆ ಸಮೇತ ಹೊರಗಟ್ಟುತ್ತಾರೆ. ಬ್ಯಾಟರಿ ಉಳಿತಾಯದ ನಿರ್ಬಂಧದಿಂದ ಸಿಂಕ್‌ಥಿಂಗಿಗೆ ವಿನಾಯಿತಿ ಕೊಡಬೇಕು. ಸೆಟ್ಟಿಂಗ್ಸ್‌ನಲ್ಲಿ ಅದು ಪ್ರತಿ ಕಂಪನಿಯ ಫೋನಿನಲ್ಲೂ ಬೇರೆ ಬೇರೆ ಕಡೆ ಇರುತ್ತದೆ. ಎಲ್ಲೆಂದು ಹುಡುಕುವುದೇ ಒಂದು ಎಂ.ಫಿಲ್.

ಎದ್ದು ತಂದರೂ ಸಾಲದು. ಕೋಶ ಬೆಳಗಿನಿಂದ ತೆರೆದೇ ಇದ್ದರೆ ಆ್ಯಪ್ ತೋರಿಸುವುದು ಬೆಳಗಿನ ಪಾಠವನ್ನು. ಮುಚ್ಚಿ, ಬೀಗ ತೆಗೆದು, ಮತ್ತೆ ನೋಡಬೇಕು.

ಆಫ್ ಮಾಡಿ ಆನ್ ಮಾಡುವ ಸಂಪ್ರದಾಯ

ಈ ಅಧ್ಯಾಯ ಮಾರ್ಗದರ್ಶಕರ ಒತ್ತಾಯದ ಮೇರೆಗೆ ಸೇರಿದೆ. ಒಮ್ಮೊಮ್ಮೆ ಸರಿಹೋಗುತ್ತದೆ. ಯಾಕೆಂದು ವಿವರಿಸುವ ಅಗತ್ಯ ಯಾರಿಗೂ ಕಂಡುಬಂದಿಲ್ಲ.

ಪಾಠ ನಿರ್ಣಯ

ಇಬ್ಬರು ಲಿಪಿಕಾರರು ಪರಸ್ಪರ ಸಂಪರ್ಕವಿಲ್ಲದ ಹೊತ್ತಿನಲ್ಲಿ ಒಂದೇ ಫೈಲನ್ನು ತಿದ್ದಿದರೆ ಸಿಂಕ್‌ಥಿಂಗ್ ಅಂತಃಕರಣವಿಲ್ಲದ ನ್ಯಾಯಾಧೀಶನಂತೆ ವರ್ತಿಸುತ್ತದೆ. ಯಾವುದರ ಬದಲಾವಣೆಯ ವೇಳೆ ಹಳೆಯದೋ ಅದು ಸೋತಿತು. ಸೋತ ಪ್ರತಿಯ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಬಿರುದು, ದಿನಾಂಕ, ವೇಳೆ, ಕೊನೆಗೆ ತಿದ್ದಿದ ಯಂತ್ರದ ಏಳಕ್ಷರದ ಗುರುತು ಸೇರುತ್ತವೆ. ಎರಡರ ವೇಳೆಯೂ ಒಂದೇ ಆದರೆ? ಯಾವ ಯಂತ್ರದ ಗುರುತಿನ ಮೊದಲ 63 ಬಿಟ್ಟುಗಳ ಬೆಲೆ ದೊಡ್ಡದೋ ಅದರ ಪ್ರತಿ ಸೋಲುತ್ತದೆ. ಇಷ್ಟು ನಿಷ್ಪಕ್ಷಪಾತ ತೀರ್ಪು ನಮ್ಮ ಸಾಹಿತ್ಯ ಪ್ರಶಸ್ತಿ ಸಮಿತಿಗಳಲ್ಲೂ ಅಪರೂಪ.

ಇಲ್ಲಿ ಗಮನಿಸಬೇಕಾದ್ದು, ಹೊರುವವನಿಗೆ ಒಳಗಿನ ಪಾಠ ಓದಲು ಬರುವುದಿಲ್ಲ. ಅವನಿಗೆ ಕಾಣುವುದು ಬೀಗ ಹಾಕಿದ ಮೂಟೆ. ಆದ್ದರಿಂದ ಗೆದ್ದ ಪ್ರತಿಯಲ್ಲಿ ಬ್ಯಾಂಕಿನ ಹೊಸ ಪಾಠವಿದ್ದು, ಸೋತ ಪ್ರತಿಯಲ್ಲಿ ಪಿಂಚಣಿ ತಾಣದ ಹೊಸ ಪಾಠವಿರಬಹುದು. ಮನೆಮಂದಿ ಇಂಥ ಉದ್ದ ಹೆಸರಿನ ಫೈಲನ್ನು ಕಂಡ ಕೂಡಲೇ ವೈರಸ್ ಎಂದು ಅಳಿಸುತ್ತಾರೆ. ಪಿಂಚಣಿಯ ಪಾಠ ಹೀಗೆ ನಷ್ಟವಾದ ಉದಾಹರಣೆ ಪ್ರಸ್ತುತ ಕುಟುಂಬದಲ್ಲೇ ಇದೆ.

ಸರಿಯಾದ ಮಾರ್ಗ ಕೀಪಾಸ್‌ಎಕ್ಸ್‌ಸಿಯ ‘ಡೇಟಾಬೇಸ್’ ಮೆನುವಿನಲ್ಲಿರುವ ವಿಲೀನದ ಆಯ್ಕೆ. ಗೆದ್ದ ಪ್ರತಿಯನ್ನು ತೆರೆದಿಟ್ಟುಕೊಂಡು, ಸೋತದ್ದನ್ನು ಅದರೊಳಗೆ ಕರೆಯಬೇಕು. ಅದು ನಮೂದು ನಮೂದಾಗಿ ಹೋಲಿಸಿ, ಹೊಸದನ್ನು ಮೇಲಿಟ್ಟು, ಹಳೆಯದನ್ನು ಆ ನಮೂದಿನ ‘ಹಿಸ್ಟರಿ’ಯಲ್ಲಿ ಉಳಿಸುತ್ತದೆ. ಪಾಠಾಂತರಗಳನ್ನು ಎಸೆಯದೆ ಅಡಿಟಿಪ್ಪಣಿಗೆ ಇಳಿಸುವ ಈ ಸೌಜನ್ಯ ನಮ್ಮ ಹಿರಿಯ ಸಂಪಾದಕರದೇ. ತಾನಾಗಿ ಬಿಟ್ಟರೆ ಒಂದು ನಮೂದಿಗೆ ಹತ್ತು ಹಳೆಯ ಪಾಠಗಳವರೆಗೆ ಇಡುತ್ತದೆ. ‘ವಾ’ ಶಾಖೆಯ ಸ್ವತಂತ್ರ ಪಾಠಗಳನ್ನೂ ಇದೇ ವಿಧಾನದಿಂದ ಉದ್ಧರಿಸಲಾಯಿತು.

ಕಾಲ ವಿಚಾರ

ಆದರೆ ಹೊಸದು ಯಾವುದು ಎಂದು ಹೇಳುವುದು ಯಂತ್ರದ ಗಡಿಯಾರ. ದೂರದೂರದ ಯಂತ್ರಗಳಲ್ಲಿ ‘ಮೊದಲು’, ‘ಆಮೇಲೆ’ ಎಂಬ ಮಾತುಗಳಿಗೆ ಗೋಡೆ ಗಡಿಯಾರವನ್ನು ನೆಚ್ಚಬಾರದೆಂದು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಒಂದು ಪ್ರಬಂಧದಲ್ಲಿ ತೋರಿಸಿಕೊಟ್ಟಿದ್ದಾರೆ. ಭಾವನವರ ಕಂಪ್ಯೂಟರು ಆ ಪ್ರಬಂಧವನ್ನು ಓದಿರಲಿಲ್ಲ. ಅದರ ಮದರ್‌ಬೋರ್ಡಿನ ಸಿಆರ್2032 ಎಂಬ ಬಿಲ್ಲೆ ಬ್ಯಾಟರಿ ಸತ್ತು, ಪ್ರತಿ ಸಲ ಸ್ವಿಚ್ಚು ಹಾಕಿದಾಗಲೂ ಯಂತ್ರ ವರ್ಷಗಳಷ್ಟು ಹಿಂದಿನ ಒಂದು ಜನವರಿಗೆ ಹೋಗಿ ನಿಲ್ಲುತ್ತಿತ್ತು. ಗಡಿಯಾರ ಸರಿಹೋಗುವ ಮೊದಲು ಕೋಶದಲ್ಲಿ ಬರೆದದ್ದೆಲ್ಲ ಪುರಾತನವೆಂದು ದಾಖಲಾಗಿ, ವಿಲೀನದಲ್ಲಿ ವಿನಯದಿಂದ ಕೆಳಗೆ ಸರಿಯುತ್ತಿತ್ತು. ಪಾಸ್‌ವರ್ಡಿನ ಜೊತೆಗೆ ತಾಣಗಳು ಕೇಳುವ, ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಸಂಕೇತಗಳು ಆ ಕಂಪ್ಯೂಟರಿನಲ್ಲಿ ಸರಿಬರದಿದ್ದುದಕ್ಕೂ ಇದೇ ಕಾರಣ. ಅವುಗಳ ಲೆಕ್ಕವೆಲ್ಲ ಗಡಿಯಾರದ್ದು. ಅಂಗಡಿಯಿಂದ ಬ್ಯಾಟರಿ ತಂದು ಹಾಕಿದ ಮೇಲೆ ಎರಡೂ ಸರಿಯಾದವು. ಭಾವನವರು ಬಿಲ್ಲೆ ಬ್ಯಾಟರಿಗೂ ಬ್ಯಾಂಕಿಗೂ ಏನು ಸಂಬಂಧವೆಂದು ಈಗಲೂ ಕೇಳುತ್ತಾರೆ.

ಲಿಪಿ ವಿಚಾರ

ಇದು ಪ್ರಬಂಧದ ಮುಖ್ಯ ಕೊಡುಗೆಯೆಂದು ಲೇಖಕನ ನಂಬಿಕೆ. ಭಾವನವರು ಕನ್ನಡಾಭಿಮಾನಿಗಳು, ಕೋಶದ ಮುಖ್ಯ ಪಾಸ್‌ವರ್ಡನ್ನು ಕನ್ನಡದಲ್ಲೇ ಇಟ್ಟಿದ್ದರು. ಶ್ಲಾಘನೀಯ. ಆದರೆ ಪಾಸ್‌ವರ್ಡಿನ ಚೌಕದಲ್ಲಿ ಕಾಣುವುದು ಚುಕ್ಕಿಗಳು, ಯಂತ್ರ ಓದುವುದು ಸಂಕೇತಗಳನ್ನು. ನಮಗೆ ಒಂದೇ ಆಗಿ ಕಾಣುವ ‘ಕೊ’ ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಇರಬಲ್ಲದು: ಒತ್ವಕ್ಕೆ ಒಂದೇ ಸಂಕೇತವಿಟ್ಟು ಒಂದು, ಎತ್ವಕ್ಕೂ ಊಕಾರದ ಕೊಂಬಿಗೂ ಬೇರೆ ಬೇರೆ ಸಂಕೇತವಿಟ್ಟು ಇನ್ನೊಂದು. ‘ರ‍್ಯಾಂಕ್’ ಎಂದು ರಕಾರವನ್ನು ಪೂರ್ತಿಯಾಗಿ ಮುಂದೆ ನಿಲ್ಲಿಸಿ ಬರೆದರೆ ಒಳಗೆ ಕಣ್ಣಿಗೆ ಕಾಣದ ಒಂದು ಜೋಡಕ ಕೂತಿರುತ್ತದೆ; ಅರ್ಕಾವೊತ್ತು ಹಾಕಿ ಬರೆದರೆ ಅದಿಲ್ಲ. ಒಂದು ಕೀಲಿಮಣೆ ಹೀಗೆ, ಇನ್ನೊಂದು ಹಾಗೆ ಮಾಡಿದರೆ ಬೀಗ ತೆಗೆಯುವುದಿಲ್ಲ.

ಇನ್ನು ಹಳೆಯ ‘ನುಡಿ’ಯಲ್ಲಿ, ಯೂನಿಕೋಡ್ ಅಲ್ಲದ ವಿಧಾನದಲ್ಲಿ ಒತ್ತಿದರಂತೂ ಮುಗಿಯಿತು. ‘ಕನ್ನಡ’ ಎಂದು ಒತ್ತಿದ್ದು ಒಳಗೆ ಕೊಂಬು, ಟೊಪ್ಪಿಗೆ, ಪೌಂಡಿನ ಗುರುತು ಧರಿಸಿದ ರೋಮನ್ ಅಕ್ಷರಗಳಾಗಿ ಕೂತಿರುತ್ತದೆ. ಹಳೆಯ ಕಡತಗಳನ್ನು ಬೇರೆ ಫಾಂಟಿನಲ್ಲಿ ತೆರೆದವರೆಲ್ಲ ಈ ಲಿಪಿಯನ್ನು ಕಂಡಿದ್ದಾರೆ. ಚುಕ್ಕಿಗಳ ಹಿಂದೆ ಮಾತ್ರ ಅದು ಯಾರಿಗೂ ಕಾಣುವುದಿಲ್ಲ. ಕಣ್ಣಿನ ಚಿತ್ರವನ್ನು ಒತ್ತಿ, ಚುಕ್ಕಿ ಸರಿಸಿ, ಏನು ಬಿದ್ದಿದೆ ನೋಡಿ. ಮುಖ್ಯ ಪಾಸ್‌ವರ್ಡ್ ಒಂದನ್ನು ಮಾತ್ರ ಎರಡೂ ಕೀಲಿಮಣೆಯಲ್ಲಿ ಒಂದೇ ರೀತಿ ಬೀಳುವ ಅಕ್ಷರಗಳಲ್ಲಿ ಇಡುವುದು ಕ್ಷೇಮ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ, ನಾಲ್ಕೈದು ಸಾಲಾಗಿ ಇಡಬಹುದು, ಅಭಿಮಾನಕ್ಕೆ ಭಂಗವಿಲ್ಲ.

ಪ್ರಕ್ಷೇಪ

ಎಲ್ಲ ಸರಿಯಾದ ಮೇಲೂ ತಾಣ ‘ತಪ್ಪು’ ಎಂದರೆ ಬ್ರೌಸರನ್ನು ಸಂಶಯಿಸಿ. ಎಂದೋ ಒಮ್ಮೆ ‘ಪಾಸ್‌ವರ್ಡ್ ಉಳಿಸಲೇ?’ ಎಂದು ಅದು ಕೇಳಿದಾಗ ಕೈ ತಪ್ಪಿ ‘ಹೂಂ’ ಎಂದಿರುತ್ತೀರಿ. ಅಂದಿನಿಂದ ಅದು ತನ್ನದೇ ಹಳೆಯ ಪ್ರತಿಯನ್ನು ಇಟ್ಟುಕೊಂಡು, ನೀವು ಕೇಳುವ ಮೊದಲೇ ಚೌಕದಲ್ಲಿ ತುಂಬುತ್ತದೆ. ‘ಸ್ಥಾ’, ‘ಜಂ’ ಎರಡೂ ಕೂಡಿದ್ದರೂ ಬಿದ್ದದ್ದು ಮೂರನೆಯವರ ಪಾಠ. ಬ್ರೌಸರಿನ ಉಳಿಸುವ ಚಟವನ್ನು ನಿಲ್ಲಿಸಿ, ಫೋನಿನ ಸ್ವಯಂಪೂರಣದ ಸೇವೆಯಾಗಿ ಕೋಶದ ಆ್ಯಪನ್ನೇ ಆರಿಸಬೇಕು.

ಉಪಸಂಹಾರಕ್ಕೆ ಬದಲಾಗಿ

ಸಿಂಕ್ ಎಂಬುದು ಭದ್ರಪ್ರತಿ ಅಲ್ಲ. ‘ಸ್ಥಾ’ದಲ್ಲಿ ಅಳಿಸಿದ್ದು ‘ಜಂ’ನಲ್ಲೂ ಅಳಿಯುತ್ತದೆ, ಅದೂ ಬೇರೆಲ್ಲ ಸಿಂಕಿಗಿಂತ ಬೇಗ. ಯಾವ ಗುಂಡಿ ಒತ್ತುವ ಮೊದಲೂ ಇರುವ ಪ್ರತಿಗಳನ್ನೆಲ್ಲ, ಸೋತವನ್ನೂ ಸೇರಿಸಿ, ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಬೀರುವಿನಲ್ಲಿಡಿ. ಮುಖ್ಯ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದಿಡುವುದೂ ಅಪಚಾರವಲ್ಲ. ಭದ್ರತಾ ತಜ್ಞ ಬ್ರೂಸ್ ಷ್ನೈಯರ್ 2005ರಲ್ಲೇ ಪಾಸ್‌ವರ್ಡುಗಳನ್ನು ಬರೆದು ಪರ್ಸಿನಲ್ಲಿಟ್ಟುಕೊಳ್ಳಿ ಎಂದಿದ್ದಾರೆ.

ಹಸ್ತಪ್ರತಿ ಸಂಪಾದಕರು ಮುನ್ನುಡಿಯಲ್ಲಿ, ಓದುಗರ ಬಳಿ ಬೇರೆ ಪ್ರತಿಗಳೋ ಅಪೂರ್ವ ಪಾಠಾಂತರಗಳೋ ಇದ್ದರೆ ಕಳಿಸಿಕೊಡಬೇಕೆಂದು ಪ್ರಾರ್ಥಿಸುವುದು ವಾಡಿಕೆ. ಈ ಲೇಖಕನ ಪ್ರಾರ್ಥನೆ ಬೇರೆ: ದಯವಿಟ್ಟು ಕಳಿಸಬೇಡಿ. ನನಗೂ ಕಳಿಸಬೇಡಿ, ಬ್ಯಾಂಕಿನವರೆಂದು ಫೋನ್ ಮಾಡಿ ಕೇಳುವವರಿಗೂ ಕಳಿಸಬೇಡಿ, ವಾಟ್ಸ್‌ಆ್ಯಪಿನಲ್ಲಿ ನಿಮಗೆ ನೀವೂ ಕಳಿಸಿಕೊಳ್ಳಬೇಡಿ.